ದುರ್ಗೆಯ ಪಾಲು

ಅಮ್ಮ ಬಟ್ಟೆ ಒಗೆಯಲು ಹೋಗಿದ್ದಾಳೆ. ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಹಲಸಿನ ಮರದಡಿ ನಿಂತು, ಕರಟದಲ್ಲಿ ಹೆಚ್ಚಿಟ್ಟ ಮಾವಿನಕಾಯಿ ಹಿಡಿದು, ತಮ್ಮನನ್ನು ಪಿಸುದನಿಯಲ್ಲಿ ಕರೆಯುತ್ತಾಳೆ. ಒಳಗಿಂದ ಒಂಚೂರು ಎಣ್ಣೆ, ಒಂಚೂರು ಉಪ್ಪು ತರಬೇಕು. ಎಣ್ಣೆ ನೆಲಕ್ಕೆ ಚೆಲ್ಲಬಾರದು, ಚೆಲ್ಲಿದರೆ ಅಮ್ಮನಿಗೆ ಗೊತ್ತಾಗುತ್ತದೆ. ತಮ್ಮ ತರುತ್ತಾನೆ. ಇಬ್ಬರೂ ಅವಸರದಲ್ಲಿ ತಿನ್ನುತ್ತಾರೆ. ಅಮ್ಮ ಬಂದ ಸದ್ದಾಗುತ್ತಲೇ ಹುಡುಗಿ ಕರಟವನ್ನು ಬೇಲಿಯಾಚೆಗೆ ಎಸೆದು, ಬಾಯಿಗೆ ಮೆತ್ತಿದ ಉಪ್ಪು ಒರೆಸಿಕೋ ಎಂದು ತಮ್ಮನನ್ನು ಎಚ್ಚರಿಸುತ್ತಾಳೆ. ಅವನು ಒರೆಸಿಕೊಳ್ಳುತ್ತಾನೆ. ಆದರೆ ಅಮ್ಮ ಹುರಿದ ಅಕ್ಕಿ ತಿನ್ನಲು ಕೊಟ್ಟಾಗ, ಹಲ್ಲು ಜುಮ್ಮೆನ್ನುತ್ತಿದೆ, ಅಗಿಯಲಾಗುವುದಿಲ್ಲ ಎಂದುಬಿಡುತ್ತಾನೆ. ಮಾವಿನಕಾಯಿಯ ಮಾತು ಅರ್ಧ ಬಾಯಿಗೆ ಬಂದಾಗ ಅಕ್ಕ ಹುಬ್ಬು ಗಂಟಿಕ್ಕಿ ಕಣ್ಣು ಮಾಡುತ್ತಾಳೆ. ಮಾತು ಅಲ್ಲೇ ನಿಲ್ಲುತ್ತದೆ. ತಾಯಿಗೆ ಅಷ್ಟು ಸಾಕು.

ಬಿಭೂತಿಭೂಷಣ ಬಂದೋಪಾಧ್ಯಾಯರ ‘ಪಥೇರ್ ಪಾಂಚಾಲಿ’ಯಲ್ಲಿ ದುರ್ಗಾ ಮತ್ತು ಅಪು ನಮಗೆ ಜೋಡಿಯಾಗಿ ಸಿಗುವುದು ಇಂಥ ಪುಟಗಳಲ್ಲಿ. ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಲ್ಲಿ. ಅದಕ್ಕೆ ಮೊದಲು ‘ವಿಚಿತ್ರಾ’ ಎಂಬ ಬಂಗಾಳಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಸತ್ಯಜಿತ್ ರಾಯ್ ಅವರ 1955ರ ಚಿತ್ರದಿಂದಾಗಿ ಈ ಕಥೆಯೆಂದರೆ ಬಹುಪಾಲು ಜನರ ಕಣ್ಣಿಗೆ ಬರುವುದು ಬಿಳಿ ಜೊಂಡುಹುಲ್ಲಿನ ಬಯಲು, ಅದರಾಚೆ ಹೊಗೆಯುಗುಳುತ್ತ ಸಾಗುವ ರೈಲು, ಅದರತ್ತ ಓಡುವ ಇಬ್ಬರು ಮಕ್ಕಳು. ಆ ದೃಶ್ಯದ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಪುಸ್ತಕವನ್ನು ತೆರೆದಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಈ ಮಾವಿನಕಾಯಿ. ತಿಂದ ಕುರುಹನ್ನು ಹೇಗೆ ಅಳಿಸಬೇಕೆಂದು ಅಕ್ಕನಿಗೆ ಗೊತ್ತು, ತಮ್ಮನಿಗೆ ಗೊತ್ತಿಲ್ಲ. ಒಂದೇ ಮನೆ, ಒಂದೇ ಬಡತನ, ವಯಸ್ಸಿನಲ್ಲಿ ಕೆಲವೇ ವರ್ಷಗಳ ಅಂತರ. ಒಬ್ಬನ ಬಾಲ್ಯ ಇನ್ನೂ ನಡೆಯುತ್ತಿದೆ, ಇನ್ನೊಬ್ಬಳದು ಎಂದೋ ಮುಗಿದಿದೆ.

ಮುಗ್ಧತೆ ಕಳೆದುಹೋಗುವ ಕಥೆಗಳಲ್ಲಿ ಸಾಮಾನ್ಯವಾಗಿ ಒಂದು ದಿನವಿರುತ್ತದೆ. ಅಂದು ಏನೋ ಒಂದು ನಡೆಯುತ್ತದೆ, ಮಗು ಮೊದಲಿನ ಮಗುವಾಗಿ ಉಳಿಯುವುದಿಲ್ಲ. ಅಪುವಿಗೆ ಅಂಥ ದಿನಗಳಿವೆ, ಕಾದಂಬರಿ ಅವುಗಳನ್ನು ಒಂದೊಂದಾಗಿ ಕಾಣಿಸುತ್ತದೆ. ದುರ್ಗೆಗೆ ಅಂಥ ದಿನವೇ ಇಲ್ಲ. ಅವಳು ಮೊದಲ ಪುಟಗಳಿಂದಲೇ ತಿನ್ನುವುದನ್ನು ಹುಡುಕಿಕೊಂಡು ಅಲೆಯುವವಳು. ಯಾವ ಪೊದೆಯಲ್ಲಿ ಯಾವ ಹಣ್ಣು, ಯಾರ ತೋಟದ ಬೇಲಿ ಎಲ್ಲಿ ಮುರಿದಿದೆ, ಗಾಳಿ ಬೀಸಿದ ಮೇಲೆ ಯಾವ ಮರದಡಿಗೆ ಮೊದಲು ಓಡಬೇಕು, ಎಲ್ಲ ಅವಳಿಗೆ ಗೊತ್ತು. ಓದುವಾಗ ನಮಗೆ ಇದು ಕಾಡು ಸುತ್ತುವ ಹುಡುಗಿಯ ಸ್ವಚ್ಛಂದವೆನಿಸುತ್ತದೆ. ಒಂದು ಮಟ್ಟಿಗೆ ಅದು ಹೌದು ಕೂಡ. ಬಿಭೂತಿಭೂಷಣರಷ್ಟು ಗಿಡಮರಗಳನ್ನು ಪ್ರೀತಿಸಿದ ಲೇಖಕರು ಭಾರತೀಯ ಭಾಷೆಗಳಲ್ಲಿ ಕಡಿಮೆ, ಆ ಪ್ರೀತಿಯನ್ನೆಲ್ಲ ಅವರು ಈ ಹುಡುಗಿಯ ಕಾಲಿಗೆ ಕಟ್ಟಿದ್ದಾರೆ. ಆದರೆ ಅವಳು ಹುಡುಕುತ್ತಿರುವುದು ಹೊಟ್ಟೆಗೆ. ಹೊಟ್ಟೆ ತುಂಬಿದ ಮಗು ಕಾಡಿಗೆ ಹೋಗುವುದಕ್ಕೂ ಹಸಿದ ಮಗು ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಚೆಲುವಾದ ವರ್ಣನೆಯ ನಡುವೆ ನಾವು ಮರೆಯಬಾರದು.

ಅವಳು ಇದನ್ನೆಲ್ಲ ಕಲಿತದ್ದು ಎಲ್ಲಿ? ಉತ್ತರ ಕಾದಂಬರಿಯ ಮೊದಲ ಭಾಗದಲ್ಲಿದೆ. ಆ ಭಾಗ ಇಂದಿರ ಠಾಕ್ರುಣಳದು. ಅವಳು ಮಕ್ಕಳ ತಂದೆ ಹರಿಹರನಿಗೆ ದೂರದ ನಂಟಿನ ಅಕ್ಕ, ಬಾಗಿದ ಬೆನ್ನಿನ ಮುದುಕಿ. ಕುಲೀನ ಬ್ರಾಹ್ಮಣರ ಪದ್ಧತಿಯಲ್ಲಿ ಮದುವೆಯಾದವಳು. ಊರೂರಿಗೆ ಹೆಂಡತಿಯರಿದ್ದ ಗಂಡ ಅಪರೂಪಕ್ಕೆ ಬಂದು, ದಕ್ಷಿಣೆ ತೆಗೆದುಕೊಂಡು ಹೋಗುವ ನೆಂಟ. ಅವನು ಸತ್ತ ಮೇಲೆ ಅವಳಿಗೆ ಉಳಿದದ್ದು ಇನ್ನೊಬ್ಬರ ಮನೆಯ ಮೂಲೆ. ಹರಿಹರನ ಹೆಂಡತಿ ಸರ್ವಜಯೆಗೆ ಅವಳು ಬೇಡದ ಬಾಯಿ. ಪುಟ್ಟ ದುರ್ಗೆಗೋ ಆ ಮುದುಕಿಯೇ ಲೋಕ. ಕಥೆ ಹೇಳುವವಳು, ಹಾಡು ಹೇಳುವವಳು, ಮಡಿಲು ಕೊಡುವವಳು. ಸರ್ವಜಯಾ ಅವಳನ್ನು ಹೊರಗೆ ಹಾಕುತ್ತಾಳೆ, ಮುದುಕಿ ಹಿಂತಿರುಗುತ್ತಾಳೆ, ಮತ್ತೆ ಹೊರಗೆ. ಕೊನೆಗೆ ತನ್ನದಲ್ಲದ ಜಾಗದಲ್ಲಿ ಸಾಯುತ್ತಾಳೆ. ಚಿತ್ರದಲ್ಲಿ ಮಕ್ಕಳಿಬ್ಬರೂ ಬಿದಿರ ಮೆಳೆಯಲ್ಲಿ ಅವಳ ಹೆಣವನ್ನು ಕಾಣುತ್ತಾರೆ. ಕಾದಂಬರಿಯಲ್ಲಿ ಆ ಹೊತ್ತಿಗೆ ಅಪು ಇನ್ನೂ ಎಳೆಗೂಸು. ಹಾಗಾಗಿ ಈ ಸಾವು ಪೂರ್ತಿಯಾಗಿ ದುರ್ಗೆಯ ಪಾಲಿಗೆ ಬಂದದ್ದು. ಮನೆಯಲ್ಲಿ ಅನ್ನ ಕಡಿಮೆಯಾದರೆ ಯಾರು ಮೊದಲು ಹೊರಗೆ ಬೀಳುತ್ತಾರೆ ಎಂಬುದನ್ನು ಅವಳು ಐದಾರು ವರ್ಷಕ್ಕೇ ನೋಡಿದ್ದಾಳೆ. ಅಪು ಅದನ್ನು ನೋಡಿಲ್ಲ.

ಸರ್ವಜಯೆಯ ಬಗ್ಗೆ ಇಲ್ಲಿ ನಿಂತು ಹೇಳಬೇಕು. ಅವಳನ್ನು ಕೆಟ್ಟವಳೆಂದು ಬದಿಗೆ ಸರಿಸುವುದು ಸುಲಭ. ಆದರೆ ಆ ಮನೆಯಲ್ಲಿ ಅಕ್ಕಿ ಅಳೆಯುವವಳು ಅವಳೊಬ್ಬಳೇ. ಹರಿಹರ ಒಳ್ಳೆಯವನು, ಪೌರೋಹಿತ್ಯ ಬಲ್ಲವನು, ನಾಟಕ ಬರೆಯುವ ಆಸೆ ಹೊತ್ತವನು, ಬರಬೇಕಾದ ಸಂಬಳವನ್ನು ಕೇಳಲು ನಾಚುವವನು. ಅವನ ಒಳ್ಳೆಯತನದ ಖರ್ಚನ್ನು ಅಡುಗೆಮನೆ ಭರಿಸುತ್ತದೆ. ಗಂಡ ತಿಂಗಳುಗಟ್ಟಲೆ ಊರಿಲ್ಲದಾಗ ಪಾತ್ರೆ ಮಾರಿ ಅಕ್ಕಿ ತಂದವಳ ಬಾಯಲ್ಲಿ ಸಿಹಿಮಾತು ಎಲ್ಲಿಂದ ಬರಬೇಕು? ಬಡತನ ಸರ್ವಜಯೆಯನ್ನು ಕಠಿಣಳನ್ನಾಗಿ ಮಾಡಿತು ಎಂದರೆ ಸಾಲದು. ಇರುವ ಒಂದು ತುತ್ತನ್ನು ಯಾರಿಗೆ ಕೊಡಬೇಕೆಂಬ ತೀರ್ಪನ್ನು ಅವಳು ದಿನವೂ ಮಾಡಬೇಕಾಯಿತು, ಆ ತೀರ್ಪಿನಲ್ಲಿ ಮುದುಕಿ ಕೊನೆಯವಳು, ಮಗಳು ಅವಳಿಗಿಂತ ಮುಂದೆ, ಮಗ ಎಲ್ಲರಿಗಿಂತ ಮುಂದೆ. ಈ ಸಾಲು ಅವಳು ಹುಟ್ಟಿಸಿದ್ದಲ್ಲ, ಅವಳಿಗೆ ಸಿಕ್ಕಿದ್ದು. ಮದುವೆಯಾಗಿ ಹೋಗುವ ಹುಡುಗಿ, ಮನೆ ಹಿಡಿಯುವ ಹುಡುಗ ಎಂಬ ಲೆಕ್ಕ ಇವರ ಊರಾದ ನಿಶ್ಚಿಂದಿಪುರದ ಮನೆಗಳಲ್ಲಷ್ಟೇ ಇತ್ತೆಂದು ಹೇಳುವ ಧೈರ್ಯ ನಮಗೂ ಇಲ್ಲ.

ಈಗ ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಅಪುವಿನದು. ಬಣ್ಣ ಹೋದ ಮರದ ಕುದುರೆ, ತಗ್ಗುಬಿದ್ದ ತಗಡಿನ ಪೀಪಿ, ಆಟದ ಪಿಸ್ತೂಲು, ಒಣಗಿದ ಕಾಯಿಗಳು, ಕೆಲವು ಕವಡೆಗಳು. ಆ ಕವಡೆಗಳನ್ನು ಅವನು ಅಮ್ಮನಿಗೆ ತಿಳಿಯದಂತೆ ಲಕ್ಷ್ಮೀಪೂಜೆಯ ಬುಟ್ಟಿಯಿಂದ ತೆಗೆದುಕೊಂಡಿದ್ದಾನೆ. ಯಾರಿಗಾದರೂ ಗೊತ್ತಾದೀತೆಂದು ಅಡಗಿಸಿಟ್ಟಿದ್ದಾನೆ. ಓದುಗರು ಇದನ್ನು ಓದಿ ಮುಗುಳ್ನಗುತ್ತಾರೆ. ಇನ್ನೊಂದು ದುರ್ಗೆಯ ಗೊಂಬೆಯ ಪೆಟ್ಟಿಗೆ. ನೆರೆಮನೆಯ ಸೇಜೊ ಠಾಕ್ರುಣ್ ಮಕ್ಕಳನ್ನು ಕಟ್ಟಿಕೊಂಡು ಅಂಗಳಕ್ಕೆ ನುಗ್ಗಿ ಆ ಪೆಟ್ಟಿಗೆಯನ್ನು ಬಿಚ್ಚಿಸಿದಾಗ ಅದರೊಳಗೆ ಒಂದು ಮಣಿಸರ ಸಿಗುತ್ತದೆ, ಅವರ ತೋಟದ ಮಾವಿನಕಾಯಿ ಸಿಗುತ್ತದೆ. ಆ ಕ್ಷಣದಿಂದ ದುರ್ಗಾ ಊರಿನ ಬಾಯಲ್ಲಿ ಕಳ್ಳಿ. ಸೇಜೊ ಠಾಕ್ರುಣ್ ಹೋದ ಮೇಲೆ ಸರ್ವಜಯಾ ಮಗಳ ಜುಟ್ಟು ಹಿಡಿದು ಹೊಡೆಯುತ್ತಾಳೆ. ಹೊಡೆತ ಮಣಿಸರಕ್ಕೆ ಮಾತ್ರವೇ ಅಲ್ಲ, ಅಂಗಳದಲ್ಲಿ ನಿಂತು ಕೇಳಬೇಕಾಗಿಬಂದ ಪ್ರತಿ ಮಾತಿಗೂ ಅದರಲ್ಲಿ ಲೆಕ್ಕವಿದೆ.

ಕವಡೆಯೂ ಮಣಿಯೂ ಮಕ್ಕಳ ಆಸೆಯ ಸಾಮಾನುಗಳೇ. ಒಂದನ್ನು ತೆಗೆದವನು ಆಟದ ಹುಡುಗ, ಇನ್ನೊಂದನ್ನು ತೆಗೆದವಳು ಕಳ್ಳಿ. ಕವಡೆ ಸ್ವಂತ ಮನೆಯದು, ಮಣಿ ಬೇರೆಯವರದು ಎಂದು ಯಾರಾದರೂ ಹೇಳಬಹುದು. ಆ ಮಾತನ್ನು ಒಪ್ಪೋಣ. ಆದರೆ ಆ ನೆರೆಮನೆಯ ತೋಟದ ಕಥೆಯೇನು? ರಾಯ್ ಚಿತ್ರದಲ್ಲಿ ಅದು ಒಂದು ಕಾಲಕ್ಕೆ ಇದೇ ಹರಿಹರನ ಮನೆತನದ್ದು, ಸಾಲದ ಹೆಸರಿನಲ್ಲಿ ಕೈಬಿಟ್ಟದ್ದು. ಹುಡುಗಿಯ ಮಡಿಲಿನಲ್ಲಿ ಸಿಕ್ಕ ಹಣ್ಣು ಎಲ್ಲರಿಗೂ ಕಾಣುತ್ತದೆ, ಕಾಗದದ ಮೇಲೆ ಕೈಬದಲಾದ ತೋಟ ಯಾರಿಗೂ ಕಾಣುವುದಿಲ್ಲ. ಬಡವರ ಮನೆಯನ್ನು ಹುಡುಕಲು ಬರುವವರಿಗೆ ಯಾವಾಗಲೂ ಕಾಣುವುದು ಮೊದಲನೆಯದೇ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಒಂದು ಕುಟುಂಬ ಸಾಹುಕಾರನ ಕಡಲೆಕಾಯಿಯನ್ನು ರಾತ್ರಿ ಬೆಂಕಿಯ ಸುತ್ತ ಕೂತು ತಿಂದು ಮುಗಿಸುವ ಸಂಭ್ರಮವನ್ನೂ, ಆಮೇಲೆ ಪೊಲೀಸರು ಆ ಗುಡಿಸಲನ್ನು ಜಾಲಾಡುವುದನ್ನೂ ಓದಿದವರಿಗೆ ದುರ್ಗೆಯ ಗೊಂಬೆಪೆಟ್ಟಿಗೆ ದೂರದ ಬಂಗಾಳದ್ದೆಂದು ಅನಿಸಲಾರದು. ಕದ್ದ ಊಟದ ರುಚಿಯನ್ನು ನಾಚಿಕೆಯಿಲ್ಲದೆ, ಪ್ರೀತಿಯಿಂದ ಬರೆಯುವ ಎದೆಗಾರಿಕೆ ಇಬ್ಬರು ಲೇಖಕರಲ್ಲೂ ಇದೆ.

ಸಾಹಿತ್ಯದ ಪಾಠ ಹೇಳುವಾಗ ಇಂಥ ವಸ್ತುಗಳನ್ನು ಸಂಕೇತಗಳೆಂದು ಕರೆಯುವುದು ನಮ್ಮ ರೂಢಿ. ರೈಲು ಆಧುನಿಕತೆಯ ಸಂಕೇತ, ಮಣಿಸರ ಆಸೆಯ ಸಂಕೇತ ಎಂದು ಬರೆದರೆ ಅಂಕವೂ ಸಿಗುತ್ತದೆ. ನನಗೆ ಈ ಅವಸರದ ಬಗ್ಗೆ ಅಂಜಿಕೆಯಿದೆ. ಏನೂ ಇಲ್ಲದ ಮನೆಯಲ್ಲಿ ಒಂದು ವಸ್ತುವಿಗೆ ಇಷ್ಟೊಂದು ಅರ್ಥ ಬರುವುದು ಅದು ಒಂದೇ ಇರುವುದರಿಂದ. ಹತ್ತು ಸರವಿರುವ ಹುಡುಗಿಗೆ ಮಣಿಸರ ಯಾವ ಸಂಕೇತವೂ ಆಗುವುದಿಲ್ಲ. ದುರ್ಗೆಯ ಮಾವಿನಕಾಯಿ ಏನನ್ನಾದರೂ ಸೂಚಿಸುವ ಮೊದಲು ಅವಳ ಬಾಯಿಗೆ ಹುಳಿಯಾಗಿ ತಾಗಬೇಕು, ಉಪ್ಪು ಬೇಡಬೇಕು. ಬಿಭೂತಿಭೂಷಣರ ದೊಡ್ಡತನವೂ ಅಲ್ಲೇ: ಅವರು ವಸ್ತುವನ್ನು ಅರ್ಥಕ್ಕಾಗಿ ಬಳಸಿ ಬಿಸಾಡುವುದಿಲ್ಲ. ಎಣ್ಣೆ ಚೆಲ್ಲಬಾರದು ಎಂಬ ಎಚ್ಚರಿಕೆಯಲ್ಲಿ ಆ ಮನೆಯ ಎಣ್ಣೆ ಎಷ್ಟಿತ್ತೆಂಬುದು ತಿಳಿದುಬಿಡುತ್ತದೆ.

ಅವರಿಗೆ ಇದು ಓದಿ ತಿಳಿದ ವಿಷಯವಾಗಿರಲಿಲ್ಲ. ಅವರು ಹುಟ್ಟಿದ್ದು 1894ರಲ್ಲಿ. ತಂದೆ ಪುರಾಣ ಹೇಳುವ ಕಥಕರು, ಸಂಸ್ಕೃತ ಬಲ್ಲವರು, ಕೈಯಲ್ಲಿ ಕಾಸಿಲ್ಲದವರು. ಇಛಾಮತಿ ನದಿಯ ದಂಡೆಯ ಊರಿನಲ್ಲಿ ಬಾಲ್ಯ ಕಳೆಯಿತು. ಮುಂದೆ ಮೇಷ್ಟರ ಕೆಲಸ ಮಾಡಿದರು, ಬಿಹಾರದ ಭಾಗಲ್ಪುರದಲ್ಲಿ ಒಂದು ಜಮೀನ್ದಾರಿ ಎಸ್ಟೇಟಿನ ನೌಕರಿ ಮಾಡಿದರು; ಈ ಕಾದಂಬರಿಯನ್ನು ಬರೆದದ್ದು ಅಲ್ಲಿದ್ದಾಗ. ಮೊದಲ ಬರಹದಲ್ಲಿ ದುರ್ಗಾ ಇರಲೇ ಇಲ್ಲ, ಭಾಗಲ್ಪುರದಲ್ಲಿ ಕೆದರಿದ ಕೂದಲಿನ ಒಬ್ಬ ಹುಡುಗಿಯನ್ನು ಕಂಡ ಮೇಲೆ ಇಡೀ ಪುಸ್ತಕವನ್ನು ಮತ್ತೆ ಬರೆದರು ಎಂದು ಬಂಗಾಳದಲ್ಲಿ ಹೇಳುತ್ತಾರೆ. ಈ ಮಾತು ನನ್ನನ್ನು ಬಹಳ ಕಾಡಿದೆ. ದುರ್ಗಾ ಇಲ್ಲದ ‘ಪಥೇರ್ ಪಾಂಚಾಲಿ’ಯನ್ನು ಊಹಿಸಿಕೊಳ್ಳಿ. ಕನಸುಗಣ್ಣಿನ ಒಬ್ಬ ಹುಡುಗ, ಅವನ ಹಳ್ಳಿ, ಅವನ ಕಲ್ಪನೆ, ಅವನ ಬೆಳವಣಿಗೆ. ಆಗಲೂ ಸೊಗಸಾದ ಪುಸ್ತಕವೇ ಆಗಿರುತ್ತಿತ್ತು. ಆದರೆ ಆ ಕನಸಿನ ವೆಚ್ಚ ಯಾರು ಕೊಟ್ಟರು ಎಂಬ ಪ್ರಶ್ನೆಯೇ ಅದರಲ್ಲಿ ಇರುತ್ತಿರಲಿಲ್ಲ.

ಅಪುವಿನ ಕನಸುಗಳು ಎಂಥವು! ಅಪ್ಪನ ಹಳೆಯ ಪುಸ್ತಕವೊಂದರಲ್ಲಿ ಅವನಿಗೆ ಹಾರುವ ವಿದ್ಯೆ ಸಿಗುತ್ತದೆ. ರಣಹದ್ದಿನ ಮೊಟ್ಟೆಯೊಳಗೆ ಪಾದರಸ ತುಂಬಿ ಬಿಸಿಲಿಗಿಟ್ಟು ಬಾಯಲ್ಲಿಟ್ಟುಕೊಂಡರೆ ಮನುಷ್ಯ ಆಕಾಶಕ್ಕೆ ಏರಬಹುದಂತೆ. ದನ ಕಾಯುವ ಹುಡುಗನಿಂದ ತನ್ನ ಪುಡಿಗಾಸನ್ನೂ ಜೋಪಾನದ ಕವಡೆಗಳನ್ನೂ ಕೊಟ್ಟು ಮೊಟ್ಟೆ ಕೊಳ್ಳುತ್ತಾನೆ. ದೀಪದ ಬತ್ತಿ ಹೊಸೆಯಲು ಹಳೆಯ ಬಟ್ಟೆಯ ಚೂರು ಹುಡುಕುತ್ತ ದುರ್ಗಾ ಗೂಡಿನ ಮೇಲೆ ಕೈಯಾಡಿಸಿದಾಗ ಮೊಟ್ಟೆ ಉರುಳಿ ಒಡೆಯುತ್ತದೆ. ತಮ್ಮನ ಹಾರಾಟ ಮುಗಿಯುವುದು ಅಕ್ಕ ಸಂಜೆಯ ದೀಪಕ್ಕೆ ಸಿದ್ಧ ಮಾಡುವಾಗ. ಯಾರ ತಪ್ಪೂ ಇಲ್ಲದ ಈ ಸಣ್ಣ ಅವಘಡದಲ್ಲಿ ಇಬ್ಬರು ಮಕ್ಕಳ ಪಾಲಿಗೆ ಬಂದ ಕೆಲಸಗಳು ಹೇಗೆ ಬೇರೆಯಾಗಿದ್ದವೆಂಬುದು ಕಾಣುತ್ತದೆ. ಅವನಿಗೆ ಆಕಾಶ, ಅವಳಿಗೆ ಬತ್ತಿ.

ಮಹಾಭಾರತ ಕೇಳುವಾಗ ಅವನಿಗೆ ಅಳು ಬರುವುದು ಕರ್ಣನಿಗಾಗಿ. ನೆಲದಲ್ಲಿ ಹೂತ ಚಕ್ರವನ್ನು ಎತ್ತಲು ಬಾಗಿದವನ ಮೇಲೆ ಬಾಣ ಬಿಟ್ಟದ್ದು ಅವನಿಗೆ ಸಹಿಸುವುದಿಲ್ಲ. ಗೆದ್ದವರ ಕಡೆ ಅವನ ಮನಸ್ಸು ಹೋಗುವುದೇ ಇಲ್ಲ. ಪಂಪನ ಕರ್ಣನನ್ನು ಎದೆಗೆ ಹಚ್ಚಿಕೊಂಡ ಕನ್ನಡಿಗರಿಗೆ ಈ ಹುಡುಗನ ಕಣ್ಣೀರು ಹೊಸದಲ್ಲ. ಆದರೆ ಸೋತವನಿಗಾಗಿ ಮರುಗಬಲ್ಲ ಆ ಹೃದಯ ಪುರಾಣದಿಂದ ಇಳಿದು ತನ್ನದೇ ಅಡುಗೆಮನೆಗೆ ಬರಲು ಇನ್ನೊಂದು ಘಟನೆ ಬೇಕಾಗುತ್ತದೆ.

ಅದು ಸಿಹಿತಿಂಡಿಯ ಘಟನೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ನೋಯಿಸುವ ಪುಟ ನನಗೆ ಕಂಡಿಲ್ಲ, ದುರ್ಗೆಯ ಸಾವನ್ನೂ ಸೇರಿಸಿ ಹೇಳುತ್ತಿದ್ದೇನೆ. ಅಪು ಅಪ್ಪನ ಜೊತೆ ಉಳ್ಳವರಾದ ಒಬ್ಬ ಶಿಷ್ಯರ ಮನೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಮೋಹನಭೋಗ ಬಡಿಸುತ್ತಾರೆ. ತುಪ್ಪ ಜಿನುಗುವ, ದ್ರಾಕ್ಷಿ ಹಾಕಿದ ರವೆಯ ಸಜ್ಜಿಗೆ. ಮನೆಯಲ್ಲೂ ಅವನು ಹಠ ಹಿಡಿದಾಗ ಅಮ್ಮ ಮೋಹನಭೋಗ ಮಾಡಿಕೊಡುತ್ತಿದ್ದಳು. ರವೆಯನ್ನು ನೀರಿನಲ್ಲಿ ಬೇಯಿಸಿ ಬೆಲ್ಲ ಕಲಸಿ ಕೊಡುತ್ತಿದ್ದಳು, ಅವನು ಖುಷಿಯಿಂದ ತಿನ್ನುತ್ತಿದ್ದ. ಇಂದು ಬೆರಳಿಗೆ ತುಪ್ಪ ಅಂಟಿದಾಗ ಎರಡಕ್ಕೂ ಎಷ್ಟು ದೂರವೆಂದು ತಿಳಿಯುತ್ತದೆ. ಅವನಿಗೆ ಕೋಪ ಬರುವುದಿಲ್ಲ, ಮೋಸ ಹೋದೆನೆನಿಸುವುದೂ ಇಲ್ಲ. ಬಹುಶಃ ಅಮ್ಮನಿಗೇ ಇದು ಹೀಗಿರುತ್ತದೆಂದು ಗೊತ್ತಿಲ್ಲ ಎನಿಸಿ, ಅಮ್ಮನ ಮೇಲೂ ಅಕ್ಕನ ಮೇಲೂ ಕರುಣೆ ಉಕ್ಕುತ್ತದೆ. ತಾವು ಬಡವರು ಎಂಬುದು ಆ ಹುಡುಗನಿಗೆ ತಿಳಿಯುವುದು ಹೀಗೆ.

ಯಾರೂ ಅವನನ್ನು ಹೀಯಾಳಿಸಿಲ್ಲ. ಬದಲಾಗಿ ಅತ್ಯಂತ ಪ್ರೀತಿಯಿಂದ ಬಡಿಸಿದ್ದಾರೆ. ಬಡತನದ ಅರಿವು ಹಸಿವಿನಿಂದ ಬರುತ್ತದೆಂದು ನಾವು ತಿಳಿದಿರುತ್ತೇವೆ. ಹಸಿವಿನಲ್ಲಿ ಹುಟ್ಟಿದ ಮಗುವಿಗೆ ಹಸಿವು ಮಾಮೂಲು. ಅರಿವು ಬರುವುದು ತುಂಬಿದ ತಟ್ಟೆಯ ಮುಂದೆ, ಹೋಲಿಸಲು ಇನ್ನೊಂದು ರುಚಿ ಸಿಕ್ಕಾಗ. ಮೊದಲು ಒಡೆಯುವುದು ತಾಯಿಗೆ ಎಲ್ಲ ಗೊತ್ತು, ತಾಯಿ ಎಲ್ಲ ಮಾಡಬಲ್ಲಳು ಎಂಬ ನಂಬಿಕೆ. ಎಲ್ಲ ಮಕ್ಕಳಿಗೂ ಅದು ಒಂದು ದಿನ ಒಡೆಯಬೇಕು. ಉಳ್ಳವರ ಮಕ್ಕಳಿಗೆ ಅದು ಹದಿನಾರಕ್ಕೋ ಹದಿನೆಂಟಕ್ಕೋ, ವಾದದಲ್ಲೋ ಜಗಳದಲ್ಲೋ ಒಡೆಯುತ್ತದೆ. ಬಡವರ ಮಕ್ಕಳಿಗೆ ಒಂದು ತುತ್ತು ಸಿಹಿ ಸಾಕು. ಮನೆಗೆ ಬಂದ ಅಪು ಇನ್ನು ಮುಂದೆ ಅಮ್ಮನ ಬೆಲ್ಲದ ಸಜ್ಜಿಗೆಯನ್ನು ತಿನ್ನುವಾಗ ಅವಳ ಮುಖವನ್ನೂ ನೋಡಬೇಕಾಗುತ್ತದೆ.

ಈ ಅರಿವು ದುರ್ಗೆಗೆ ಮೊದಲೇ ಇತ್ತೆಂಬುದನ್ನು ನೆನಪಿಡಬೇಕು. ಅವಳು ಕಾಡಿನಿಂದ ತಂದ ಪ್ರತಿಯೊಂದರಲ್ಲೂ ತಮ್ಮನ ಭಾಗವಿದೆ. ಸಿಕ್ಕಿಬಿದ್ದಾಗ ಮಾತ್ರ ಏಟು ಪೂರ್ತಿ ಅವಳದು. ತಮ್ಮ ಏಕೆ ಇಷ್ಟು ಕಾಲ ಮಗುವಾಗಿರಲು ಸಾಧ್ಯವಾಯಿತೆಂದರೆ, ಬೇಲಿ ದಾಟುವ, ಸುಳ್ಳು ಹೇಳುವ, ಕರಟ ಎಸೆಯುವ, ಹೊಡೆಸಿಕೊಳ್ಳುವ ಕೆಲಸವನ್ನು ಅವಳು ವಹಿಸಿಕೊಂಡಿದ್ದಳು. ಅಪುವಿನ ಮುಗ್ಧತೆ ಅವನಿಗೆ ಹುಟ್ಟಿನಿಂದ ಬಂದ ಗುಣವೆಂದು ಓದುವುದು ಅರ್ಧ ಓದು. ಅದು ಅಕ್ಕ ದಿನವೂ ದುಡಿದು ತಂದು ಕೊಟ್ಟದ್ದು. ನಮ್ಮ ಮನೆಗಳಲ್ಲೂ ಇಂಥ ಅಕ್ಕಂದಿರಿದ್ದಾರೆ. ಶಾಲೆ ಬಿಟ್ಟು ತಮ್ಮಂದಿರನ್ನು ಸೊಂಟಕ್ಕೇರಿಸಿಕೊಂಡವರು, ಅಪ್ಪ ಕುಡಿದು ಬಂದ ರಾತ್ರಿ ಚಿಕ್ಕವರ ಕಿವಿ ಮುಚ್ಚಿ ಮಲಗಿಸಿದವರು. ಆ ತಮ್ಮಂದಿರಲ್ಲಿ ಕೆಲವರು ಮುಂದೆ ಓದಿ, ಬರೆದು, ತಮ್ಮ ಬಾಲ್ಯವನ್ನು ಸುಂದರವಾಗಿ ನೆನೆದಿದ್ದಾರೆ. ಅಕ್ಕಂದಿರು ಬರೆದ ಪುಸ್ತಕಗಳು ಅಷ್ಟಿಲ್ಲ.

ಮಕ್ಕಳಿಬ್ಬರೂ ಒಮ್ಮೆ ರೈಲುಹಳಿ ನೋಡಲು ಹೊರಟು ಹೊಲಗದ್ದೆಗಳಲ್ಲಿ ದಾರಿ ತಪ್ಪುತ್ತಾರೆ. ಚಿತ್ರದಲ್ಲಿ ರೈಲು ಸಿಗುತ್ತದೆ, ಕಾದಂಬರಿಯಲ್ಲಿ ದುರ್ಗೆಗೆ ಸಿಗುವುದೇ ಇಲ್ಲ. ರಾಯ್ ತಮ್ಮ ಮಾಧ್ಯಮಕ್ಕೆ ತಕ್ಕಂತೆ ಮಾಡಿದರು, ಆ ದೃಶ್ಯ ಲೋಕವನ್ನೇ ಗೆದ್ದಿತು. ನನ್ನ ಮನಸ್ಸು ಕಾದಂಬರಿಯ ಕಡೆಗಿದೆ. ಮಳೆಗಾಲದಲ್ಲಿ, ಹರಿಹರ ಊರಲ್ಲಿಲ್ಲದಾಗ, ಸೋರುವ ಮನೆಯಲ್ಲಿ ದುರ್ಗೆಗೆ ಜ್ವರ ಬರುತ್ತದೆ. ಹಳ್ಳಿಗಳನ್ನು ಮಲೇರಿಯಾ ತಲೆಮಾರುಗಳ ಕಾಲ ಹಿಂಡಿದ್ದ ಬಂಗಾಳದಲ್ಲಿ ಆ ಜ್ವರಕ್ಕೆ ವಿವರಣೆ ಬೇಕಿರಲಿಲ್ಲ. ಹಾಸಿಗೆ ಹಿಡಿದ ಹುಡುಗಿ ತಮ್ಮನನ್ನು ಕೇಳುವುದು ಒಂದೇ: ಹುಷಾರಾದ ಮೇಲೆ ಒಂದು ದಿನ ರೈಲು ತೋರಿಸುತ್ತೀಯಾ ಎಂದು. ಯಾವಾಗಲೂ ಅವನಿಗೆ ದಾರಿ ತೋರಿಸಿದವಳು, ತಂದುಕೊಟ್ಟವಳು, ಮೊದಲ ಸಲ ಅವನಿಂದ ಬೇಡುತ್ತಾಳೆ. ಅವನು ಒಪ್ಪುತ್ತಾನೆ. ಅದು ಅವನಿಂದ ಆಗುವುದಿಲ್ಲ. ತಿಂಗಳುಗಳ ಮೇಲೆ ಹರಿಹರ ಮಗಳಿಗೊಂದು ಸೀರೆ ಹಿಡಿದು ಬಂದು ಅವಳ ಹೆಸರು ಕರೆಯುತ್ತಾನೆ.

ಆಮೇಲೆ ಊರು ಬಿಡುವ ಸಿದ್ಧತೆ. ಕಾಶಿಗೆ ಹೋಗಬೇಕು, ಮನೆ ಖಾಲಿ ಮಾಡುತ್ತಿದ್ದಾರೆ. ಗೂಡಿನ ಮೇಲಿದ್ದ ಮಡಕೆಯೊಂದನ್ನು ಅಪು ತೆಗೆದಾಗ ಅದರೊಳಗಿಂದ ಸಿಂಧೂರದ ಪುಟ್ಟ ಚಿನ್ನದ ಭರಣಿ ಸಿಗುತ್ತದೆ. ಸೇಜೊ ಠಾಕ್ರುಣಳ ಮನೆಯಲ್ಲಿ ಕಾಣೆಯಾಗಿದ್ದದ್ದು ಅದೇ. ಅದಕ್ಕಾಗಿ ದುರ್ಗಾ ಏಟು ತಿಂದಿದ್ದಳು, ತಾನು ತೆಗೆದಿಲ್ಲವೆಂದು ಕೊನೆಯವರೆಗೂ ಹೇಳಿದ್ದಳು. ಚಿತ್ರದಲ್ಲಿ ಭರಣಿಯ ಬದಲಿಗೆ ಮಣಿಸರವಿದೆ. ಅಪು ಅದನ್ನು ಕೊಳಕ್ಕೆ ಎಸೆಯುತ್ತಾನೆ, ಪಾಚಿ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಕಾದಂಬರಿಯಲ್ಲಿ ಅವನು ಚಿನ್ನವನ್ನು ಮನೆಯ ಹಿಂದಿನ ಬಿದಿರ ಮೆಳೆಯೊಳಗೆ ಬಿಸಾಡುತ್ತಾನೆ. ಯಾರಿಗೂ ಹೇಳುವುದಿಲ್ಲ.

ಹಲ್ಲು ಜುಮ್ಮೆನ್ನುತ್ತಿದೆ ಎಂದು ಅಕ್ಕನನ್ನು ಸಿಕ್ಕಿಸಿದ್ದ ಹುಡುಗ ಇವನೇ. ಕವಡೆಗಳನ್ನು ಅಡಗಿಸಿಟ್ಟಾಗ ಅವನಿಗಿದ್ದದ್ದು ತನ್ನ ಬೆನ್ನಿನ ಭಯ. ಈಗ ಅವನು ಮುಚ್ಚಿಡುತ್ತಿರುವುದು ಇನ್ನೊಬ್ಬಳ ಹೆಸರನ್ನು ಉಳಿಸಲು. ಆ ಇನ್ನೊಬ್ಬಳು ಏಟು, ಬೈಗುಳ ಎರಡನ್ನೂ ದಾಟಿ ಹೋಗಿದ್ದಾಳೆ. ಅಕ್ಕ ಕಲಿಸಿದ ವಿದ್ಯೆ ಅವನಿಗೆ ಕೊನೆಗೂ ಬಂತು. ಅವನ ಬಾಲ್ಯ ಮುಗಿದದ್ದು ಸಾವು ಕಂಡಾಗಲ್ಲ, ಈ ಭರಣಿ ಕೈಯಿಂದ ಹಾರಿದಾಗ ಎಂದು ನಾನು ನಂಬಿದ್ದೇನೆ. ಸಾವು ಅವನಿಗೆ ಬಂದೆರಗಿದ್ದು, ಇದು ಅವನೇ ಮಾಡಿದ್ದು.

ಅವನು ಮಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಓದುಗನಿಗೆ ಸಲ್ಲದು. ಸತ್ಯ ಹೇಳಬೇಕು, ಕಳುವಿನ ವಸ್ತುವನ್ನು ಒಡೆಯರಿಗೆ ಮುಟ್ಟಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ, ಹೇಳಿಕೊಡಲೂಬೇಕು. ಅಪು ಭರಣಿಯನ್ನು ಹಿಂದಿರುಗಿಸಿದ್ದರೆ ಸಿರಿವಂತರ ಮನೆಗೆ ಒಂದು ಭರಣಿ ಸೇರುತ್ತಿತ್ತು, ಊರಿಗೆ ತಾನು ಹೇಳಿದ್ದೇ ನಿಜವೆಂಬ ತೃಪ್ತಿ ಸಿಗುತ್ತಿತ್ತು, ಸರ್ವಜಯೆಗೆ ಮಗಳ ನೆನಪಿನಲ್ಲಿ ಒಂದು ಮುಳ್ಳು ಉಳಿಯುತ್ತಿತ್ತು. ಇನ್ನೊಂದು ದಾರಿಯೂ ಇತ್ತು. ಅದು ಚಿನ್ನ. ಕಾಶಿಯ ದಾರಿಖರ್ಚಿಗೆ ಕಷ್ಟಪಡುತ್ತಿದ್ದ ಮನೆಯಲ್ಲಿ ಅದನ್ನು ಸದ್ದಿಲ್ಲದೆ ಮಾರಿದ್ದರೆ ಎಷ್ಟೋ ದಿನದ ಅಕ್ಕಿ. ಹುಡುಗನಿಗೆ ಆ ಯೋಚನೆಯೇ ಬಾರದಂತೆ ಬಿಭೂತಿಭೂಷಣರು ಬರೆದಿದ್ದಾರೆ. ನ್ಯಾಯವನ್ನೂ ಲಾಭವನ್ನೂ ಒಟ್ಟಿಗೆ ಮೆಳೆಗೆ ಎಸೆದ ಆ ಕೈಯನ್ನು ತಪ್ಪೆನ್ನಲು ನನ್ನಿಂದಾಗದು. ಸತ್ಯವನ್ನು ಕೇಳುವ ಹಕ್ಕು ಯಾರಿಗಿದೆ ಎಂಬುದೂ ಧರ್ಮದ ಪ್ರಶ್ನೆಯೇ. ಹಸಿದ ಹುಡುಗಿಯ ಗೊಂಬೆಪೆಟ್ಟಿಗೆಯನ್ನು ಅಂಗಳದಲ್ಲಿ ಸುರಿಸಿದವರು ಆ ಹಕ್ಕನ್ನು ಅಂದೇ ಕಳೆದುಕೊಂಡಿದ್ದರು. ಹಾಗೆಂದು ಅಪು ಹಗುರಾಗಿ ಹೊರಟನೆಂದಲ್ಲ. ತಾನು ಪ್ರೀತಿಸಿದವಳು ತನಗೂ ಸುಳ್ಳು ಹೇಳಿದ್ದಳು ಎಂಬುದನ್ನು ಅವನು ಇನ್ನು ಒಬ್ಬನೇ ಹೊರಬೇಕು.

ಅವಳು ಆ ಭರಣಿಯನ್ನು ಏಕೆ ತೆಗೆದಳು? ಮಾವಿನಕಾಯಿ ಹೊಟ್ಟೆಗೆ, ಮಣಿಸರ ಕೊರಳಿಗೆ. ಸಿಂಧೂರದ ಭರಣಿ ಮದುವೆಯಾದವಳ ಸಾಮಾನು. ಮದುವೆಯ ವಯಸ್ಸಿಗೆ ಬಂದಿದ್ದ, ವರದಕ್ಷಿಣೆಗೆ ಕಾಸಿಲ್ಲದ ಮನೆಯ ಹುಡುಗಿ ಅದನ್ನು ಮಾರಲಿಲ್ಲ, ಯಾರಿಗೂ ತೋರಿಸಲಿಲ್ಲ, ಮಡಕೆಯಲ್ಲಿಟ್ಟಳು. ಕೈಗೆಟುಕದ ಒಂದು ಬಾಳನ್ನು ಮುಟ್ಟಿ ನೋಡಬೇಕೆನಿಸಿರಬೇಕು. ಕಾದಂಬರಿಯ ಎಲ್ಲ ವಸ್ತುಗಳಲ್ಲಿ ನಾನು ಸಂಕೇತವೆಂದು ಒಪ್ಪುವುದು ಇದೊಂದನ್ನು, ಏಕೆಂದರೆ ದುರ್ಗೆಗೇ ಅದು ಸಂಕೇತವಾಗಿತ್ತು.

ರಾಯ್ ಚಿತ್ರಗಳು ಭಾರತದ ಬಡತನವನ್ನು ಹೊರದೇಶಗಳಿಗೆ ಮಾರುತ್ತವೆಂದು 1980ರಲ್ಲಿ ನಟಿ, ರಾಜ್ಯಸಭಾ ಸದಸ್ಯೆ ನರ್ಗಿಸ್ ಟೀಕಿಸಿದ್ದರು. ಆ ಟೀಕೆಯನ್ನು ನಾನು ಒಪ್ಪುವುದಿಲ್ಲ. ನನ್ನ ಆತಂಕ ಬೇರೆ ಕಡೆಯದು. ಬಡತನವನ್ನು ತೋರಿಸುವುದರಲ್ಲಿ ಕೇಡಿಲ್ಲ. ಹರಿದ ಬಟ್ಟೆಯ ಮಕ್ಕಳ ನಗುವನ್ನು ಕಂಡು, ಇವರಿಗೆ ಎಷ್ಟು ಕಡಿಮೆಯಲ್ಲಿ ಎಷ್ಟು ಸಂತೋಷ ಎಂದು ಮೆಚ್ಚಿ ಮುಂದೆ ಹೋಗುವ ಕಣ್ಣಿನಲ್ಲಿ ಕೇಡಿದೆ. ಆ ನಗು ಇದ್ದದ್ದು ನಿಜ. ದುರ್ಗಾ ಮಳೆಯಲ್ಲಿ ನೆನೆದು ನಕ್ಕದ್ದೂ ನಿಜ, ಜ್ವರದಲ್ಲಿ ಸತ್ತದ್ದೂ ನಿಜ.

ಅಪುವಿನ ಮುಂದಿನ ಬದುಕನ್ನು ಬಿಭೂತಿಭೂಷಣರು ‘ಅಪರಾಜಿತ’ದಲ್ಲಿ ಬರೆದರು, ರಾಯ್ ಮೂರು ಚಿತ್ರ ಮಾಡಿದರು, ಆ ಮೂರನ್ನೂ ಸೇರಿಸಿ ಲೋಕ ಅಪುವಿನ ಹೆಸರಿನಿಂದ ಕರೆಯಿತು. ತರಗತಿಗಳಲ್ಲಿ ಈ ಪುಸ್ತಕವನ್ನು ಪಾಠ ಮಾಡುವ ಗೆಳೆಯರಿಗೆ ನನ್ನದೊಂದು ಕೋರಿಕೆಯಿದೆ. ಅಪುವಿನ ವ್ಯಕ್ತಿತ್ವ ಹೇಗೆ ವಿಕಾಸವಾಯಿತು ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಕ್ಲಾಸಿನಲ್ಲಿ ಕೇಳಿ: ಕರಟದಲ್ಲಿದ್ದ ಮಾವಿನಕಾಯಿಯಲ್ಲಿ ಯಾರು ಎಷ್ಟು ತಿಂದರು, ಬೈಗುಳವನ್ನು ಯಾರು ತಿಂದರು? ಹಿಂದಿನ ಬೆಂಚಿನ ಯಾವುದಾದರೂ ಹುಡುಗಿಗೆ ಅದರ ಉತ್ತರ ಪುಸ್ತಕ ನೋಡದೆಯೇ ಗೊತ್ತಿರುತ್ತದೆ. ಅವಳು ಮಾತಾಡಲು ಶುರು ಮಾಡಿದರೆ ಪಾಠ ಆ ದಿನ ಮುಗಿಯದಿದ್ದರೂ ಚಿಂತೆಯಿಲ್ಲ.